ಪರದೆ ಅಕ್ಕ ಆರಿಸಿದ ಟೈರು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಕಿಟಕಿ ಪರದೆ, ಹಾಸಿಗೆ ಹೊದಿಕೆ, ಸೋಫಾ ಕವರು ಹೊಲಿಯುತ್ತ ಬಂದಿದ್ದ ಅವಳು ದೊಡ್ಡವರಿಗೂ ಚಿಕ್ಕವರಿಗೂ ಪರದೆ ಅಕ್ಕ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆಯ ಥಾನು, ಮೇಜಿನ ಮೇಲೆ ಎಳೆ ಎಣಿಸುವ ಪುಟ್ಟ ಭೂತಗನ್ನಡಿ. ಯಾರ ಮನೆಗೆ ಹೋದರೂ ಮೊದಲು ಅವರ ಪರದೆಯ ಅಂಚು ತಿರುವಿ ನೋಡಿ, ಆಮೇಲೆ ಅವರ ಮುಖ ನೋಡುವುದು ಅವಳ ರೂಢಿ.

ಬಟ್ಟೆಯ ವಿಷಯದಲ್ಲಿ ಹುಲಿಯಂತಿದ್ದ ಅವಳು ಉಳಿದೆಲ್ಲದರಲ್ಲಿ ಪುಕ್ಕಲಿ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತಿದ್ದಳು. ಆರಿಸಿದ್ದು ಕಂಡ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಬರುತ್ತಿದ್ದಳು. ಮಗಳು ಫೋನು ಎತ್ತುವುದು ನಾಲ್ಕು ರಿಂಗು ತಡವಾದರೆ ಸಾಕು, ಅಷ್ಟರಲ್ಲಿ ಇವಳು ಮನಸ್ಸಿನಲ್ಲೇ ಆಸ್ಪತ್ರೆಯ ಮೂರನೆಯ ಮಹಡಿ ಹತ್ತಿ ಡಾಕ್ಟರ ಕೈ ಹಿಡಿದುಕೊಂಡು ಅತ್ತಾಗಿರುತ್ತಿತ್ತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ತಣ್ಣಗೆ ಕೆಲಸ ಮಾಡಿ, ಭಾನುವಾರ ಬಂತೆಂದರೆ ಬೆಟ್ಟದ ತುದಿಯಿಂದ ಸೈಕಲ್ ಮೇಲೆ ಕಲ್ಲುಬಂಡೆಗಳ ನಡುವೆ ಧುಮುಕುತ್ತಿದ್ದಳು. ಆ ಆಟಕ್ಕೆ ಎಂಡ್ಯೂರೊ ಎಂದು ಹೆಸರು. ಬೆಟ್ಟ ಹೇಗಾದರೂ ಹತ್ತಬಹುದು, ಇಳಿಯುವಾಗ ಮಾತ್ರ ಗಡಿಯಾರ ಹಿಡಿಯುತ್ತಾರೆ.

"ಹತ್ತೋದಕ್ಕೆ ಯಾಕೆ ಬಹುಮಾನ ಇಲ್ಲ? ಕಷ್ಟ ಅದೇ ತಾನೆ?" ಎಂದು ಪರದೆ ಅಕ್ಕ ಕೇಳಿದ್ದಳು.

"ಅಮ್ಮ, ನೀನು ಹತ್ತೋಳು. ನಾನು ಇಳಿಯೋಳು," ಎಂದಿದ್ದಳು ಮಗಳು.

ಆ ವರ್ಷ ಮಗಳ ಗ್ರಹಚಾರ ಒಂದೇ ಜಾಗದಲ್ಲಿ ಕೂತಿತ್ತು. ಇಳಿಜಾರಿನ ಕೊನೆಯಲ್ಲಿ, ಕಲ್ಲುಗಳೆಲ್ಲ ಅಂಚು ಮೇಲೆ ಮಾಡಿಕೊಂಡು ನಿಂತಿದ್ದ ಒಂದು ತುಂಡು ದಾರಿ; ಸವಾರರು ಅದನ್ನು ಹಲ್ಲುಸಾಲು ಎನ್ನುತ್ತಿದ್ದರು. ಎರಡು ಸ್ಪರ್ಧೆಯಲ್ಲೂ ಅಲ್ಲೇ ಹಿಂದಿನ ಟೈರಿನ ಪಕ್ಕೆ ಸೀಳಿ, ಸೈಕಲ್ ಹೊತ್ತುಕೊಂಡು ಇಳಿದು ಬಂದಿದ್ದಳು. ಮೂರನೆಯದನ್ನೂ ಮುಗಿಸದಿದ್ದರೆ ತಂಡದಿಂದ ಹೆಸರು ತೆಗೆಯುತ್ತಾರೆ. ತಟ್ಟೆ ಒರೆಸುತ್ತ, ಯಾರದೋ ಸುದ್ದಿ ಹೇಳುವವಳ ಹಾಗೆ ಇದನ್ನು ಹೇಳಿದ ಮಗಳು ಒಂದೇ ತಟ್ಟೆಯನ್ನು ಐದು ನಿಮಿಷ ಒರೆಸುತ್ತಲೇ ಇದ್ದಳು. ತಂಡ ಹೋದರೆ ಮಗಳು ಮನೆಯಲ್ಲೇ ಇರುತ್ತಾಳಲ್ಲ ಎಂಬ ಕಳ್ಳ ಆಸೆ ಪರದೆ ಅಕ್ಕನಲ್ಲಿ ಒಂದು ಗಳಿಗೆ ಇಣುಕಿತು, ನಿಜ. ಆದರೆ ಆ ತಟ್ಟೆ ನೋಡಿದ ಮೇಲೆ ಅದು ತಾನಾಗಿಯೇ ನಾಚಿ ಒಳಗೆ ಹೋಯಿತು.

"ಹೊಸ ಟೈರ್ ಹೇಳಿಟ್ಟಿದ್ದೀನಿ. ಶನಿವಾರದವರೆಗೂ ನನಗೆ ಬಿಡುವಿಲ್ಲ. ಹಿಂದಿನ ಚಕ್ರ ತಗೊಂಡು ಹೋಗಿ ಹಾಕಿಸ್ಕೊಂಡು ಬರ್ತೀಯಾ?"

"ಅದಕ್ಕೇನಂತೆ," ಎಂದಳು ತಾಯಿ.

ಸೈಕಲ್ ಅಂಗಡಿಯವನನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಿದ್ದರು. ಹತ್ತು ಮಾತಿಗೆ ಒಂದು ಮಾತು ಆಡುವ ಮನುಷ್ಯ. ಅವನು ಒಳಗಿನಿಂದ ಟೈರು ತಂದು ಮೇಜಿನ ಮೇಲೆ ಇಟ್ಟ. ಪರದೆ ಅಕ್ಕ ಎತ್ತಿ ನೋಡಿದಳು. ಸಣ್ಣ ಮಗುವಿನಷ್ಟು ಭಾರ.

"ಇದೇನಣ್ಣ, ಒನಕೆ ಇದ್ದ ಹಾಗಿದೆ! ಇದನ್ನ ತುಳ್ಕೊಂಡು ನನ್ನ ಮಗಳು ಬೆಟ್ಟ ಹತ್ತಬೇಕಾ?"

"ಹಿಂದಿನ ಚಕ್ರಕ್ಕೆ ಭಾರದ್ದೇ ಬೇಕು ಅಕ್ಕ. ಮುಂದಿನದು ನೆಲ ಕಚ್ಚಿ ಹಿಡಿದ್ರೆ ಸಾಕು. ಏಟು ತಿನ್ನೋದೆಲ್ಲ ಹಿಂದಿನದು."

ಅವಳ ಬೆರಳು ರೂಢಿಯಂತೆ ಟೈರಿನ ಪಕ್ಕೆ ಸವರಿತು. ಅಲ್ಲಿ ಸಣ್ಣಕ್ಷರದಲ್ಲಿ ಅರವತ್ತು ಎಂದಿತ್ತು.

"ಇದೇನು ಅರವತ್ತು?"

"ರಬ್ಬರಿನ ಒಳಗೆ ಬಟ್ಟೆ ಇರುತ್ತಲ್ಲ, ಅದರ ಎಳೆ. ಇಂಚಿಗೆ ಅರವತ್ತು."

ಪರದೆ ಅಕ್ಕನ ಕಿವಿ ನೆಟ್ಟಗಾಯಿತು. ಟೈರಿನೊಳಗೆ ಬಟ್ಟೆ! ಇಷ್ಟು ದಿನ ರಬ್ಬರ್ ಎಂದು ಹೆದರಿ ದೂರ ನಿಂತಿದ್ದಳಲ್ಲ, ಇದು ತವರುಮನೆಯ ಸಮಾಚಾರ. ಅವಳು ಗೋಡೆಯ ಮೇಲೆ ತೂಗುಹಾಕಿದ್ದ ಟೈರುಗಳನ್ನು ಒಂದೊಂದಾಗಿ ತಿರುವಿದಳು. ಅದೇ ಕಂಪನಿ, ಅದೇ ರಬ್ಬರ್ ಗಂಟುಗಳು, ಇನ್ನೊಂದರ ಪಕ್ಕೆಯ ಮೇಲೆ ನೂರಿಪ್ಪತ್ತು. ಎತ್ತಿದರೆ ಹೂವಿನಷ್ಟು ಹಗುರ.

"ನೂರಿಪ್ಪತ್ತು ಎಳೇದು ಇಲ್ಲೇ ಇದ್ದೂ ನಮಗೆ ಅರವತ್ತರದ್ದು ದಾಟಿಸ್ತಿದ್ದೀರಾ?"

"ಅಕ್ಕ, ಅದು ಬೇರೆ ಥರ..."

"ಎಳೆ ವಿಷಯ ನನಗೆ ಹೇಳ್ಕೊಡ್ತೀರಾ? ಅರವತ್ತು ಎಳೆ ಹೊದಿಕೇನ ನಾನು ದಿಂಬಿಗೂ ಹಾಕಲ್ಲ. ಇದನ್ನೇ ಹಾಕಿ."

"ಮಗಳು ಹೇಳಿದ್ದು ಅದನ್ನ. ಅವಳನ್ನೊಂದು ಮಾತು ಕೇಳಿ..."

"ಕೇಳಿದ್ದೀನಿ," ಎಂದುಬಿಟ್ಟಳು ಪರದೆ ಅಕ್ಕ.

ಕೇಳಿರಲಿಲ್ಲ. ಸುಳ್ಳು ಬಾಯಿಂದ ಜಾರಿದ್ದೇ ಅವಳ ಕಿವಿ ಕೆಂಪಾಯಿತು. ಆದರೆ ಒಳ್ಳೆಯದಕ್ಕೆ ಹೇಳಿದ್ದು ಸುಳ್ಳು ಹೇಗಾದೀತು ಎಂದು ಸಮಾಧಾನ ಮಾಡಿಕೊಂಡಳು. ಗಾಳಿಯಣ್ಣ ಅವಳನ್ನೂ ಟೈರನ್ನೂ ಒಂದು ಸುತ್ತು ನೋಡಿ, ನೂರಿಪ್ಪತ್ತರದ್ದನ್ನು ಹಾಕಿ, ಒಳಗೆ ತೂತು ಮುಚ್ಚುವ ಹಾಲಿನಂಥ ಅಂಟು ಸುರಿದು, ಗಾಳಿ ತುಂಬಿ ಕೊಟ್ಟ.

ಶನಿವಾರ ಸಂಜೆ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದ ಮಗಳು, "ಎಷ್ಟು ಹಗುರವಾಗಿ ಓಡ್ತಿದೆ ಅಮ್ಮ! ನಾನು ಇನ್ನೂ ಭಾರ ಅಂದ್ಕೊಂಡಿದ್ದೆ," ಎಂದಳು. ಪರದೆ ಅಕ್ಕ ಉಬ್ಬಿ ಬಾಗಿಲಲ್ಲಿ ಹಿಡಿಸದಷ್ಟಾದಳು. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದವಳು, ಗೆದ್ದ ಮೇಲೆ ಹೇಳಿದರೆ ಇನ್ನೂ ಚೆನ್ನ ಎಂದು ಮುಚ್ಚಿಕೊಂಡಳು.

ಭಾನುವಾರ ಬೆಳಿಗ್ಗೆ ಮಗಳು ತಂಡದ ವ್ಯಾನಿನಲ್ಲಿ ಹೊರಟು ಹೋದ ಸ್ವಲ್ಪ ಹೊತ್ತಿಗೆ ಕಟ್ಟಡದ ಮೇಸ್ತ್ರಿ ಬಂದ. ಜಲ್ಲಿಕಲ್ಲು ಹೊರುವ ಚೀಲಗಳ ಹಿಡಿ ಕಿತ್ತುಬಂದಿದ್ದವು, ಹೊಲಿದು ಕೊಡಬೇಕಿತ್ತು.

"ಚೀಲ ಏನೂ ಆಗಿಲ್ಲ ಅಕ್ಕ, ಹಿಡಿ ಮಾತ್ರ. ಎರಡು ವರ್ಷದಿಂದ ಚೂಪುಗಲ್ಲು ಹೊರ್ತಾ ಇದೆ, ಒಂದು ತೂತಿಲ್ಲ ನೋಡಿ."

"ಹೌದಾ? ಯಾವ ನೇಯ್ಗೆ ಇದು," ಎನ್ನುತ್ತ ಪರದೆ ಅಕ್ಕ ಸುಮ್ಮನೆ ಅಭ್ಯಾಸಬಲದಿಂದ ಭೂತಗನ್ನಡಿ ಇಟ್ಟು ಎಣಿಸಿದಳು. ಇಂಚಿಗೆ ಹದಿನೆಂಟು ಎಳೆ. ಒಂದೊಂದೂ ಹಗ್ಗದಂತೆ ದಪ್ಪ. ಪಕ್ಕದಲ್ಲೇ ಮಡಿಸಿಟ್ಟಿದ್ದ ಮದುವೆಯ ಹಾಸಿಗೆ ಹೊದಿಕೆಯ ಮೇಲೆ ಕನ್ನಡಿ ಇಟ್ಟಳು. ಎಣಿಸಲಾರದಷ್ಟು ಎಳೆ, ಒಂದೊಂದೂ ಕೂದಲಿನಂತೆ. ಇದರಲ್ಲಿ ಕಲ್ಲು ಹೊತ್ತರೆ?

ಒಂದು ಇಂಚಿನಲ್ಲಿ ಹೆಚ್ಚು ಎಳೆ ಹಿಡಿಸಬೇಕಾದರೆ ಎಳೆ ತೆಳ್ಳಗಾಗಲೇಬೇಕಲ್ಲ! ಮೈಗೆ ಮೃದುವಾಗಿರಲಿ ಎಂದು ಹೊದಿಕೆಗೆ ನೋಡುವ ಲೆಕ್ಕವನ್ನು ಬಂಡೆಗೆ ಉಜ್ಜುವ ಟೈರಿಗೆ ಹಾಕಿಬಿಟ್ಟಿದ್ದಳು. ಮಗಳನ್ನು ಹಲ್ಲುಸಾಲಿಗೆ ರಾತ್ರಿಯುಡುಗೆ ತೊಡಿಸಿ ಕಳಿಸಿದಂತಾಗಿತ್ತು.

"ಅಕ್ಕ, ಹಿಡಿ ಯಾವಾಗ..." ಎಂದ ಮೇಸ್ತ್ರಿ.

"ನನ್ನ ತಲೆ ಸರಿಯಾದ ಮೇಲೆ!" ಎನ್ನುತ್ತ ಅವಳು ಮಗಳಿಗೆ ಫೋನು ಮಾಡಿದಳು. ಅದು ಸ್ವಿಚ್ ಆಫ್. ಗಾಳಿಯಣ್ಣನಿಗೆ ಮಾಡಿದಳು. ಅವನು ಎತ್ತಿದ; ಸ್ಪರ್ಧೆಯ ದಿನ ಬೆಟ್ಟದ ಕೆಳಗೆ ರಿಪೇರಿಗೆ ಡೇರೆ ಹಾಕಿಕೊಂಡು ಕೂರುವುದು ಅವನ ಪದ್ಧತಿ.

"ಅಣ್ಣ, ಆ ಅರವತ್ತರ ಟೈರು ಮಾರಿಬಿಟ್ರಾ?"

"ಇಲ್ಲ. ಇಲ್ಲಿಗೆ ತಂದಿದ್ದೀನಿ."

"ಯಾಕೆ ತಂದ್ರಿ?"

"ನೀವು ಫೋನ್ ಮಾಡ್ತೀರ ಅಂತ."

"ಗೊತ್ತಿದ್ರೆ ಅವತ್ತೇ ಬಾಯಿಬಿಟ್ಟು ಹೇಳೋದಲ್ವಾ!"

"ಮಗಳನ್ನ ಕೇಳಿದ್ದೀನಿ ಅಂದ್ರಿ. ತಾಯಿ ಮಾತನ್ನ ಸುಳ್ಳು ಅನ್ನೋದು ಹೇಗೆ? ನೀವೇ ಬಂದು ಅವಳಿಗೆ ಹೇಳಿ," ಎಂದು ಅವನು ಇಟ್ಟುಬಿಟ್ಟ.

ಪರದೆ ಅಕ್ಕ ಸ್ಕೂಟರ್ ಹತ್ತಿದಳು. ಜೀವಮಾನದಲ್ಲಿ ಅದೊಂದು ದಿನ ಒಲೆ ನೋಡಲಿಲ್ಲ, ಬೀಗವನ್ನಂತೂ ಹಾಕಲೇ ಇಲ್ಲ. ಮೇಸ್ತ್ರಿಯನ್ನು ಅಂಗಡಿಯಲ್ಲೇ ಬಿಟ್ಟು ಹೋದಳು.

ಬೆಟ್ಟದ ಬುಡ ತಲುಪಿದಾಗ ಮಗಳು ಹತ್ತಲು ಇನ್ನೂ ಅರ್ಧ ಗಂಟೆಯಿತ್ತು. ಏದುಸಿರು ಬಿಡುತ್ತ ಬಂದ ತಾಯಿಯನ್ನು ಕಂಡು ಅವಳು ಗಾಬರಿಯಾದಳು. "ಏನಾಯ್ತಮ್ಮ? ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಆಗೋದಿತ್ತು. ನೀನು ಹೇಳಿದ ಟೈರು ನಾನು ಹಾಕ್ಸಿಲ್ಲ ಕಣೇ. ಹಗುರದ್ದು ಹಾಕ್ಸಿದೆ. ನಿನ್ನನ್ನ ಕೇಳಿದ್ದೀನಿ ಅಂತ ಸುಳ್ಳು ಬೇರೆ ಹೇಳಿದೆ."

ಮಗಳು ಬಗ್ಗಿ ಟೈರಿನ ಪಕ್ಕೆ ಓದಿದಳು. ಮುಖದ ಬಣ್ಣ ಇಳಿಯಿತು.

"ಅಮ್ಮ. ಇದು ನನ್ನ ಕೊನೇ ಸ್ಪರ್ಧೆ ಆಗ್ತಿತ್ತು."

ಬೈದಿದ್ದರೆ ಪರದೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ಮಗಳು ಮೆಲ್ಲಗೆ ಹೇಳಿದಳು. ತಾಯಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಚಕ್ರ ಬಿಚ್ಚು," ಎಂದಳು.

ಗಾಳಿಯಣ್ಣ ಹಗುರದ್ದನ್ನು ಕಿತ್ತು ಭಾರದ್ದನ್ನು ಏರಿಸತೊಡಗಿದ. ಮುಕ್ಕಾಲು ಸುತ್ತು ಸಲೀಸಾಗಿ ಹೋಯಿತು. ಕೊನೆಯ ಒಂದು ಗೇಣು ರಿಮ್ಮಿನೊಳಗೆ ಹೋಗಲೊಲ್ಲದು. ದಪ್ಪ ಬಟ್ಟೆಯ ಟೈರು, ಹಟಮಾರಿ. ಗಾಳಿಯಣ್ಣನ ಮುಖ ಕೆಂಪಾಯಿತು, ಟೈರು ಎಬ್ಬಿಸುವ ಪ್ಲಾಸ್ಟಿಕ್ ಸನ್ನೆಕೋಲು ಮುರಿಯಿತು. "ಜರುಗಿ," ಎಂದು ಪರದೆ ಅಕ್ಕ ಚಕ್ರವನ್ನು ಮಡಿಲಿಗೆ ಎಳೆದುಕೊಂಡಳು. ಅಳತೆಗಿಂತ ದೊಡ್ಡ ಸ್ಪಂಜನ್ನು ಬಿಗಿ ಕವರಿನೊಳಗೆ ತೂರಿಸುವಾಗ ಮಾಡುವಂತೆ, ಎದುರು ಬದಿಯ ಸಡಿಲವನ್ನೆಲ್ಲ ಅಂಗೈಯಿಂದ ಎಳೆದೆಳೆದು ಇತ್ತ ತಂದು, ಎರಡು ಹೆಬ್ಬೆರಳು ಕೊಟ್ಟು ಒತ್ತಿದಳು. ಟೈರು ಪಟ್ ಎಂದು ಕೂತಿತು.

ಗಾಳಿಯಣ್ಣ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು, "ನಾಳೆಯಿಂದ ಅಂಗಡಿಗೆ ಬಂದುಬಿಡಿ ಅಕ್ಕ," ಎಂದ.

ಮಗಳ ತುಟಿಯ ತುದಿ ಅಲುಗಿತು. ಆದರೂ ಹೊರಡುವಾಗ ತಿರುಗಿ, "ಹಲ್ಲುಸಾಲಿನ ಹತ್ರ ನಿಂತ್ಕೊಂಡು ಕಿರುಚಬೇಡ," ಎಂದು ಎಚ್ಚರಿಸಿ ಹೋದಳು.

ಪರದೆ ಅಕ್ಕ ಅಲ್ಲೇ ಹೋಗಿ ನಿಂತಳು. ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣು ಮುಚ್ಚಿ. ಒಬ್ಬೊಬ್ಬರೇ ಸವಾರರು ಧಡಧಡ ಇಳಿದು ಹೋದರು. ಒಬ್ಬನ ಟೈರು ಬುಸ್ ಎಂದದ್ದು ಕೇಳಿ ಅವಳ ಜೀವ ಬಾಯಿಗೆ ಬಂತು. ಆಮೇಲೆ ಅವಳಿಗೆ ಗೊತ್ತಿದ್ದ ಉಸಿರಾಟ ಒಂದು ಹತ್ತಿರವಾಯಿತು. ಚಕ್ರ ಕಲ್ಲಿಗೆ ಧಡ್ ಎಂದು ಹೊಡೆಯಿತು. ಮತ್ತೊಮ್ಮೆ ಧಡ್. ಬುಸ್ ಎನ್ನುವುದನ್ನೇ ಕಾದಳು. ಬರಲಿಲ್ಲ. ಕಣ್ಣು ಬಿಟ್ಟಾಗ ಮಗಳ ಬೆನ್ನು ತಿರುವು ದಾಟುತ್ತಿತ್ತು. ಆಗ ಅವಳು ಕಿರುಚಿದಳು.

ಹನ್ನೊಂದನೆಯ ಸ್ಥಾನ. ತಂಡಕ್ಕೆ ಅಷ್ಟು ಸಾಕಿತ್ತು. ಮುಂದಿನ ಸ್ಪರ್ಧೆಯ ಪಟ್ಟಿಯಲ್ಲಿ ಹೆಸರು ಉಳಿಯಿತು. ಮಗಳು ಚಕ್ರ ತಿರುಗಿಸಿ ತೋರಿಸಿದಳು. ಟೈರಿನ ಪಕ್ಕೆಯ ಮೇಲೆ ಬೆರಳುದ್ದದ ಗೀರು. ಪರದೆ ಅಕ್ಕ ಉಗುರಿನಿಂದ ಕೆದಕಿ ನೋಡಿದಳು. ರಬ್ಬರ್ ಮಾತ್ರ ಹರಿದಿತ್ತು, ಬಟ್ಟೆಯ ಒಂದು ಎಳೆಯೂ ಕಿತ್ತಿರಲಿಲ್ಲ.

"ಇನ್ಮೇಲೆ ನನ್ನ ಸೈಕಲ್‌ನಲ್ಲಿ ಏನಾದ್ರೂ ಬದಲಾಯಿಸಬೇಕು ಅನ್ನಿಸಿದ್ರೆ ಏನು ಮಾಡ್ತೀಯಾ?"

"ಕೇಳ್ತೀನಿ."

"ಯಾರನ್ನ?"

"ನಿನ್ನನ್ನೇ ಕಣೇ ತಾಯಿ. ಆಣೆ."

"ಸರಿ," ಎಂದು ಮಗಳು ಹೆಲ್ಮೆಟ್ ತೆಗೆದು ತಾಯಿಯ ಭುಜಕ್ಕೆ ಒರಗಿದಳು. ಧೂಳೆಲ್ಲ ಸೀರೆಗೆ ಮೆತ್ತಿತು. ಪರದೆ ಅಕ್ಕ ಒಂದು ನಿಮಿಷ ಅಲುಗಾಡದೆ ಕೂತಿದ್ದಳು. ಆಮೇಲೆ ಅವಳ ಬೆರಳು ಮಗಳ ಮೊಣಕೈ ಪಟ್ಟಿಯ ಅಂಚನ್ನು ತಿರುವಿತು.

"ಕೇಳ್ತಾ ಇದ್ದೀನಿ, ಸುಮ್ಮನೆ ಕೇಳ್ತಾ ಇದ್ದೀನಿ ಅಷ್ಟೆ. ಈ ಹೊಲಿಗೆ ಯಾರು ಹಾಕಿದ್ದು? ಒಂದೇ ದಾರ ಇದೆಯಲ್ಲೇ?"

ಮಗಳು ಹೆಲ್ಮೆಟ್ ಮತ್ತೆ ತಲೆಗೆ ಏರಿಸಿಕೊಂಡಳು.