ಅಂಕಲ್ ಮನೆತನದ ಫೈಲು

ನನ್ನ ಕೈಯಲ್ಲಿ ಅವರ ಅಂಗಿಯ ತುದಿಯಿತ್ತು. ಈಗಲೂ ಬಸ್ಸಿನಲ್ಲಿ ಕೂತಾಗ ಆ ಬೆರಳುಗಳನ್ನು ಮಡಚಿ ನೋಡಿಕೊಳ್ಳುತ್ತೇನೆ. ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿಯಬಹುದಿತ್ತು.

ಸಿಂಗಪುರದ ಕ್ಲೆಮೆಂಟಿಯ ಆ ಫ್ಲ್ಯಾಟಿನಲ್ಲಿ ರೂಮು ಬಾಡಿಗೆಗೆ ಹಿಡಿದು ಎರಡು ವರ್ಷವಾಗಿತ್ತು. ಓನರ್ ಯುರೇಷಿಯನ್, ಅಂದರೆ ಯುರೋಪು-ಏಷ್ಯಾ ಎರಡೂ ಬೆರೆತ ಮನೆತನದವರು; ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಮೊದಲ ದಿನದಿಂದಲೇ ನನಗೆ ಅಂಕಲ್. ಅವರ ಸರ್‌ನೇಮ್ ಸ್ಕಾಟ್ಲೆಂಡಿನಲ್ಲೂ ಐರ್ಲೆಂಡಿನಲ್ಲೂ ಬೀದಿಗೊಬ್ಬರಿಗೆ ಇರುವಂಥದ್ದು. ಸ್ಕಾಟ್ಲೆಂಡಿನಲ್ಲಿ ಅದು ಕಮ್ಮಾರರ ಕಸುಬಿನಿಂದ ಬಂದದ್ದಂತೆ. ಐರ್ಲೆಂಡಿನಲ್ಲಿ, ಅದೇ ಅರ್ಥದ ಹಳೆಯ ಐರಿಷ್ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡದ್ದು. ಮುತ್ತಜ್ಜ ಯಾವ ಕಡೆಯವನೆಂದು ಗೊತ್ತಾಗದೆ ಅಂಕಲ್ ಅಲ್ಲಿನ ಚರ್ಚುಗಳಿಗೆಲ್ಲ ಬರೆದು, ಬಂದ ಹುಟ್ಟು-ಮದುವೆ ದಾಖಲೆಗಳ ನಕಲುಗಳನ್ನು ಒಂದು ನೀಲಿ ಫೈಲಿನಲ್ಲಿ ಇಟ್ಟಿದ್ದರು. ಭಾನುವಾರ ಊಟವಾದ ಮೇಲೆ ಅದನ್ನು ಬಿಚ್ಚುವುದು ನಮ್ಮ ರೂಢಿ.

"ನಿನ್ನ ಸರ್‌ನೇಮ್ ಎಲ್ಲಿಯದು?" ಎಂದು ಒಮ್ಮೆ ಕೇಳಿದ್ದರು.

"ಅದು ನಮ್ಮಪ್ಪನ ಹೆಸರು, ಅಂಕಲ್. ಪಾಸ್‌ಪೋರ್ಟಿಗೆ ಬೇಕಂದ್ರು, ಹಾಕಿಸಿದೆ."

"ಅಷ್ಟೇನಾ? ಒಂದೇ ತಲೆಮಾರಿಗೆ ಖಾಲಿ! ಪಾಪ ಲಾ ನೀನು." ಸಿಂಗಪುರದವರ ಮಾತಿನಲ್ಲೆಲ್ಲ ಆ "ಲಾ" ಇರುತ್ತದೆ.

ಆ ಭಾನುವಾರ ಫೈಲು ಮೇಜಿನ ಮೇಲಿತ್ತು. ನಾನು ತಟ್ಟೆ ತೊಳೆಯುತ್ತಿದ್ದೆ. ಹಾಲ್‌ನಲ್ಲಿ ಚಾರ್ಜಿಗೆ ಹಾಕಿದ್ದ ಅವರ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ ಢಮ್ಮೆಂದಿತು. ಸೋಫಾ ಹತ್ತಿಕೊಂಡಿತು. ಕಪ್ಪು ಹೊಗೆಯೊಳಗೆ ಅವರ ತೋಳು ಹಿಡಿದು ಹೊರಗೆಳೆದೆ. ಲಿಫ್ಟಿನವರೆಗೂ ಬಂದಿದ್ದೆವು.

"ಫೈಲು" ಎಂದರು, ಬಹಳ ಮೆತ್ತಗೆ. ತಿರುಗಿ ನಡೆದೇಬಿಟ್ಟರು. ಹಿಂದಿನಿಂದ ಅಂಗಿ ಹಿಡಿದೆ, ಜಾರಿತು. "ಅಂಕಲ್! ಅಂಕಲ್!" ಎಂದು ಕೂಗಿದೆ. ಆ ಕಾರಿಡಾರಿನಲ್ಲಿ ವಯಸ್ಸಾದ ಯಾರನ್ನು ಯಾರು ಕೂಗಿದರೂ ಅಂಕಲ್ಲೇ. ಅವರು ತಿರುಗಿ ನೋಡಲಿಲ್ಲ. ನಾನು ಬಾಗಿಲವರೆಗೆ ಹೋದೆ. ಒಳಗೆ ಹೋಗಲಿಲ್ಲ.

ಬೆಂಕಿ ಆರಿಸುವವರು ಬಂದರು. ಮುಖವಾಡ ಬಿಗಿದುಕೊಳ್ಳುತ್ತ ಒಬ್ಬ ಕೇಳಿದ: "ಒಳಗಿರೋರ ಹೆಸರೇನು? ಕರೀಬೇಕು."

ಸರ್‌ನೇಮ್ ಹೇಳಿದೆ.

"ಅದಲ್ಲ, ಅವರ ಹೆಸರು?"

ಆ ಸರ್‌ನೇಮ್ ಎರಡು ದೇಶಗಳಲ್ಲಿ ಹೇಗೆ ಹುಟ್ಟಿತೆಂದು ನಾನು ಹೇಳಬಲ್ಲವನಾಗಿದ್ದೆ. ಅವರ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. "ಅಂಕಲ್ ಅಂತ ಕರೀರಿ" ಎಂದೆ. ಅವನು ಹಾಗೆಯೇ ಕೂಗುತ್ತ ಒಳಗೆ ಹೋದ.

ಹೊರತಂದಾಗ ಅವರು ಉಸಿರಾಡುತ್ತಿರಲಿಲ್ಲ. ಫೈಲು ಅಂಗಿಯೊಳಗಿತ್ತಂತೆ.

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಫೋನಿನಲ್ಲಿ ಬಾಡಿಗೆ ಒಪ್ಪಂದ ಹುಡುಕಿದೆ. ಅವರ ಹೆಸರು ಮೊದಲ ಸಾಲಿನಲ್ಲೇ ಇತ್ತು. ಅದರ ಕೆಳಗೆ ನನ್ನ ಸಹಿ. ಲಿಫ್ಟಿನ ಹತ್ತಿರ ಆ ಹೆಸರು ಹಿಡಿದು ಕೂಗಿದ್ದರೆ ನಿಲ್ಲುತ್ತಿದ್ದರೇನೋ.