ಕೆಂಚಿ ಕಚ್ಚದ ಬೆರಳು

ಗುಬ್ಬಿ ಬಸ್ ಸ್ಟ್ಯಾಂಡ್ ಬಳಿ ಹೂ ಕಟ್ಟುವ ಗಂಗಾಂಬಿಕೆಯ ಬೆರಳು ಎಷ್ಟು ಚುರುಕೆಂದರೆ, ತುಮಕೂರಿನ ಬಸ್ಸು ಒಂದು ಹಾರ್ನ್ ಹೊಡೆಯುವಷ್ಟರಲ್ಲಿ ಕುಣಿಗಲ್ ಮುಟ್ಟುವಷ್ಟು ಉದ್ದ ಮಲ್ಲಿಗೆ ಕಟ್ಟಿರುತ್ತಿದ್ದಳು. ಸುಳ್ಳೆನಿಸಿದರೆ ಕಂಡಕ್ಟರನ್ನೇ ಕೇಳಿ. ಆ ಬೆರಳಿಗೆ ಅವಳ ಒಂಟಿ ಬೆಕ್ಕಿನ ಮರಿ ಕೆಂಚಿ ಪಟ್ಟನೆ ಹೊಡೆದು, ಮೆಲ್ಲಗೆ ಕಚ್ಚಿ ಓಡುತ್ತಿತ್ತು. ಅವಳ ಮಣಿಕಟ್ಟಿನ ಗೀರುಗಳನ್ನು ನಕ್ಷೆಯಂತೆ ನೋಡಿಕೊಂಡೇ ತಾಲ್ಲೂಕಿನ ಯಾವ ಹಳ್ಳಿಗಾದರೂ ದಾರಿ ಹಿಡಿಯಬಹುದಿತ್ತು.

ತನಗೆ ಯಾರದೋ ದೃಷ್ಟಿಯಾಗಿದೆ ಎಂದುಕೊಂಡ ಗಂಗಾಂಬಿಕೆ, ಯಡಿಯೂರಿನ ದೇವಸ್ಥಾನದಿಂದ ಮಂತ್ರಿಸಿದ ದಾರ ತಂದು ಕೈಗೆ ಕಟ್ಟಿಕೊಂಡಳು. ದಾರದ ತುದಿ ಅಲ್ಲಾಡಿದ್ದೇ ತಡ, ಕೆಂಚಿಗೆ ಹಬ್ಬವೋ ಹಬ್ಬ. ಸಾಕಾಗಿ, ಬೆಕ್ಕನ್ನು ಕುಣಿಗಲ್ಲಿನ ತಂಗಿ ರೂಪಶ್ರೀಗೆ ಕೊಟ್ಟುಬಿಟ್ಟಳು.

ಆಮೇಲೊಂದು ದಿನ ಹೂ ಕೊಳ್ಳಲು ಬಂದ ದನದ ಡಾಕ್ಟರು ಈ ಕಥೆ ಕೇಳಿ ನಕ್ಕರು. "ಅದು ಸಿಟ್ಟಲ್ಲ ಕಣಮ್ಮ, ಆಟ. ಒಂಟಿ ಮರಿ, ಜೊತೇಲಿ ಕಚ್ಚಾಡೋಕೆ ಒಡಹುಟ್ಟಿದೋರಿಲ್ಲ. ನಿನ್ನ ಬೆರಳನ್ನೇ ಇಲಿ ಮಾಡ್ಕೊಂಡಿತ್ತು. ಕೈ ಬದ್ಲು ಒಂದು ದಾರ ಆಡಿಸಿದ್ರೆ ಸಾಕಿತ್ತು."

ಗಂಗಾಂಬಿಕೆ ಕೆಂಚಿಯನ್ನು ವಾಪಸ್ ತರಲೆಂದು ಮುಂದಿನ ಬಸ್ಸಿಗೇ ಕುಣಿಗಲ್ಲಿಗೆ ಹೋದಳು. ಕೆಂಚಿ ಅವಳ ಕೈ ಮೂಸಿ, ಬೀಗರೆದುರು ಕೂತಂತೆ ಬಾಲ ಸುತ್ತಿಕೊಂಡು ಮರ್ಯಾದೆಯಾಗಿ ಕೂತಿತು.

"ನೋಡಕ್ಕಾ, ನಿನ್ನ ಮುಂದೆ ಎಷ್ಟು ಸಾಧು! ನನ್ನನ್ನ ಮಾತ್ರ ಕಚ್ಚಿ ಕಚ್ಚಿ ಇಡ್ತಾಳೆ," ಎಂದಳು ರೂಪಶ್ರೀ.

"ಕಚ್ಚಿಸ್ಕೊಳ್ಳೇ, ಪುಣ್ಯ ಮಾಡಿದೀಯ," ಎಂದು ಅಕ್ಕ ಬರಿಗೈಯಲ್ಲಿ ಹಿಂದಿರುಗಿದಳು.

ಈಗ ಹಾರ ಕಟ್ಟಿ ಮುಗಿಸಿದ ಮೇಲೂ ಅವಳು ಬಾಳೆನಾರಿನ ತುದಿಯನ್ನು ನೆಲದ ಮೇಲೆ ಆಡಿಸುತ್ತಾ ಕೂರುತ್ತಾಳೆ, ಗಿರಾಕಿ ಕೆಮ್ಮುವವರೆಗೂ.