ದೋನ್ ಫಿಲೆಮೋನ್ ಬರೆದ ಪ್ರಶ್ನೆ

ಮೆಕ್ಸಿಕೋ ನಗರದ ಹಳೆಯ ಚೌಕದ ಕಮಾನುಗಳ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವವರು ನಾವು ಹದಿನಾಲ್ಕು ಜನ. ಬರೆಯಲು ಬಾರದವರಿಗೆ, ಬಂದರೂ ಧೈರ್ಯ ಸಾಲದವರಿಗೆ ಅರ್ಜಿ, ದೂರು, ಪ್ರೇಮಪತ್ರ ಬರೆದುಕೊಡುತ್ತೇವೆ. ನನ್ನ ಪಕ್ಕದ ಮೇಜು ದೋನ್ ಫಿಲೆಮೋನನದು; ಮರ್ಯಾದೆಗೆ ಎಲ್ಲರೂ ದೋನ್ ಎನ್ನುವರು. ನಲ್ಲಿ ಕೆಟ್ಟಿದೆ ಎಂದು ಯಾರಾದರೂ ಬಂದರೆ ಆತನ ಕಾಗದದಲ್ಲಿ ಇಡೀ ಬೀದಿ ಬಾಯಾರಿ ಸಾಯುತ್ತಿತ್ತು. ಅಂಥವನ ಮುಂದೆ ಗಿರಾಕಿಗಳ ಸಾಲು, ನನ್ನ ಮುಂದೆ ನೊಣ. ಹೊಟ್ಟೆಕಿಚ್ಚಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲೊಂದು ಕಟ್ಟುಪಾಡಿದೆ. ಬರೆದ ಕಾಗದಕ್ಕೆ ನಾವು ಸಹಿ ಹಾಕುವುದಿಲ್ಲ, ಬರೆಸಿದವರ ಗುಟ್ಟು ಬಿಟ್ಟುಕೊಡುವುದಿಲ್ಲ. ಗಿರಾಕಿ ಎದ್ದು ಹೋದ ಮೇಲೆ ಅದರಲ್ಲಿರುವ ಮಾತೆಲ್ಲ ಗಿರಾಕಿಯದೇ.

ಆ ಗುರುವಾರ ಹನ್ನೊಂದು ಗಂಟೆಗೆ ದೋನ್ಯಾ ಕ್ರಿಸ್ಪಿನಾ ಏದುಸಿರು ಬಿಡುತ್ತ ಬಂದಳು. ಮಾರುಕಟ್ಟೆಯ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತಮಾಲೆ ಎಂಬ ಜೋಳದ ಹಿಟ್ಟಿನ ಕಡುಬು ಬೇಯಿಸಿ ಮಾರುವ ವಿಧವೆ. ಕೈಯಲ್ಲಿ ಮಾರುಕಟ್ಟೆ ಕಚೇರಿಯ ನೋಟಿಸು. ಮಧ್ಯಾಹ್ನ ಒಂದರೊಳಗೆ ಸಮಜಾಯಿಷಿ ಕೊಡದಿದ್ದರೆ ಆ ಮೂಲೆ ಅವಳ ಕೈತಪ್ಪುತ್ತಿತ್ತು. ಜೊತೆಗೆ ಅವಳ ಮೇಲಿನ ದೂರಿನ ಪ್ರತಿಯೂ ಇತ್ತು.

"ನನ್ ತಮಾಲೆ ತಿಂದು ಮಕ್ಳು ಕಾಯ್ಲೆ ಬಿದ್ದಾವಂತೆ, ದೋನ್ ಫಿಲೆಮೋನ್! ಯಾವ್ ಮಗು? ಹೆಸ್ರು ಹೇಳ್ಲಿ ನೋಡಣ! ಇದನ್ನ ಬರ್ದೋನ ಕೈಗೆ ಹುಳ ಬೀಳ!"

ಫಿಲೆಮೋನ್ ದೂರನ್ನು ಓದಿದ, ನಾನೂ ಪಕ್ಕದಿಂದ ಇಣುಕಿದೆ. ಹೊಗೆಯಿಂದ ಗೋಡೆ ಕಪ್ಪಾಗಿದೆ. ನೂಕುನುಗ್ಗಲಿನಿಂದ ದಾರಿ ಕಟ್ಟಿದೆ. ಇನ್ನೆಷ್ಟು ಮಕ್ಕಳು ಹಾಸಿಗೆ ಹಿಡಿದರೆ ಅಧಿಕಾರಿಗಳ ಕಣ್ಣು ತೆರೆದೀತು? ಆ ಪ್ರಶ್ನೆಯ ಕೆಳಗೆ ಕಚೇರಿಯವರು ಕೆಂಪು ಗೆರೆ ಎಳೆದಿದ್ದರು.

ಆ ಸಾಲು ನನಗೆ ಗುರುತಾಯಿತು. ಹಿಂದಿನ ವಾರ, ಅದೇ ಮೂಲೆಯ ಮೇಲೆ ಕಣ್ಣಿಟ್ಟ ಹಣ್ಣಿನ ರಸದವನಿಗೆ ಇದನ್ನು ಬರೆದುಕೊಟ್ಟವನು ಫಿಲೆಮೋನನೇ. ಯಾರ ಅಂಗಡಿಯೆಂದು ರಸದವ ಹೇಳಿರಲಿಲ್ಲ. "ಮಾರುಕಟ್ಟೆ ಮೂಲೆ" ಎಂದಿದ್ದ, ಅಷ್ಟೇ. ಫಿಲೆಮೋನನೂ ಕೇಳಿರಲಿಲ್ಲ.

ಆತ ಹಾಳೆ ಏರಿಸಿ ಬಡಬಡನೆ ಟೈಪ್ ಮಾಡಿ ಓದಿದ. "ತಾಯಿಯ ಎದೆಹಾಲಿನಷ್ಟು ಪವಿತ್ರವಾದ ಈ ತಮಾಲೆ..."

"ಎದೆಹಾಲು ಗಿದೆಹಾಲು ಬ್ಯಾಡ! ಯಾವ್ ಮಗೂಗೂ ಏನೂ ಆಗಿಲ್ಲ ಅಂತ ಬರೀರಿ."

"ಅಷ್ಟಕ್ಕೆ ಅವ್ರು ನಂಬಲ್ಲ, ತಾಯಿ."

ಅದನ್ನು ಹರಿದ. ಇನ್ನೊಂದು ಬರೆದು ಅದನ್ನೂ ಹರಿದ. ಗಡಿಯಾರದಲ್ಲಿ ಹನ್ನೆರಡೂಕಾಲು. ಆತ ಬರೆದದ್ದನ್ನು ಹರಿಯುವುದನ್ನು ನಾನು ನೋಡಿದ್ದು ಅದೇ ಮೊದಲು. ಬಗ್ಗಿ ಆತನ ಕಿವಿಯಲ್ಲಿ ಹೇಳಿದೆ. "ಬಾಯಿ ಬಿಡ್ಬೇಡಿ. ನಾಳೆಯಿಂದ ಒಂದು ನರಪಿಳ್ಳೆ ನಿಮ್ಮ ಹತ್ರ ಬರಲ್ಲ." ಹಾಗೆ ಹೇಳಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆತ ನನ್ನತ್ತ ತಿರುಗಿಯೂ ನೋಡಲಿಲ್ಲ. ನಾಲ್ಕೇ ಸಾಲು ಟೈಪ್ ಮಾಡಿ, ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಿದ. ಕ್ರಿಸ್ಪಿನಾಗೆ ಓದಿ ಹೇಳಿದ. "ದೂರನ್ನು ಬರೆದವನು ನಾನು, ಮಕ್ಕಳ ಮಾತು ನಾನೇ ಸೇರಿಸಿದ್ದು" ಎಂದು ಅದರಲ್ಲಿತ್ತು. ಅವಳು ಬೈಯುತ್ತಾಳೆಂದುಕೊಂಡೆ. ಕಾಗದ ಕಿತ್ತುಕೊಂಡು ಸರಸರನೆ ನಡೆದಳು. ಆತ ಹಿಂದೆ ಓಡಿದ, ಮೇಜು ಬಿಟ್ಟು ನಾನೂ ಓಡಿದೆ.

ಕಚೇರಿ ತಲುಪಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಅಧಿಕಾರಿ ಕಾಗದವನ್ನು ಎರಡು ಸಲ ಓದಿದ.

"ಎಷ್ಟ್ ಮಕ್ಳಿಗೆ ಕಾಯ್ಲೆ ಆಗಿತ್ರಿ?"

"ಒಂದಕ್ಕೂ ಇಲ್ಲ, ಸಾಹೇಬ್ರೆ."

"ದೂರು ಕೊಟ್ಟೋನು ಹೇಳಿದ್ನಾ?"

"ಇಲ್ಲ. ಅವ್ನು ಹೇಳಿದ್ದು ಹೊಗೆ, ನೂಕುನುಗ್ಗಲು ಎರಡೇ. ಎರಡಕ್ಕೇ ನಿಲ್ಸಿದ್ರೆ ಮಾತು ಕುಂಟುತ್ತೆ. ಮೂರನೇದೊಂದು ಬೇಕಿತ್ತು."

"ಇದಾದ್ರೂ ನಿಜಾನೋ, ಇದೂ ನಿಮ್ಮ ಬರವಣಿಗೇನೋ?"

ಫಿಲೆಮೋನ್ "ನಿಜ" ಎಂದ. ಅದಕ್ಕಿಂತ ಹೆಚ್ಚಿನದೇನೂ ಆತನಿಗೆ ಹೊಳೆಯಲಿಲ್ಲ. ಅಧಿಕಾರಿ ಕೆಳಗಿನ ಸಹಿಯನ್ನೊಮ್ಮೆ ನೋಡಿದ. ಆಮೇಲೆ ನೋಟಿಸಿನ ಮೇಲೆ ಅಡ್ಡಗೆರೆ ಎಳೆದು ಮುದ್ರೆ ಒತ್ತಿದ.

ಮೆಟ್ಟಿಲಿಳಿಯುವಾಗ ಕ್ರಿಸ್ಪಿನಾ ನಿಂತಳು. ಮೂಲೆ ಉಳಿದಿತ್ತು, ಆದರೂ ಅವಳ ಮುಖದಲ್ಲಿ ನಗುವಿರಲಿಲ್ಲ.

"ದಿನಾ ಬೆಳಿಗ್ಗೆ ನನ್ನತ್ರಾನೇ ತಿಂತೀರಲ್ಲ ದೋನ್ ಫಿಲೆಮೋನ್. ಯಾರ್ ಮೂಲೆ ಅಂತ ಕೇಳಣ, ಮಾತು ಕುಂಟಿದ್ರೆ ಕುಂಟ್ಲಿ ಅಂತ ಒಂದ್ಸಲನೂ ಅನ್ನಿಸ್ಲಿಲ್ವಾ?"

ಅವಳು ಉತ್ತರಕ್ಕಾಗಿ ಕಾಯುತ್ತಲೇ ನಿಂತಳು.